ಪಕ್ಕದಿಂದ ಬರುವವರು

ನಮ್ಮ ಕಾಫಿ ಸೀಮೆಯ ಕಿರಿದಾದ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಒಂದು ನಿಯಮವಿದೆ. ಯಾವ ಬೋರ್ಡಿನಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಎದುರಿಗೆ ಗಾಡಿ ಬರಲಿ, ಎಸ್ಟೇಟಿನ ಗೇಟಿನಲ್ಲಿ ಯಾರಾದರೂ ನಿಂತಿರಲಿ, ಸ್ಟಿಯರಿಂಗ್ ಮೇಲಿನ ಕೈ ಒಂದು ಸಲ ಮೇಲೇಳಬೇಕು. ಗುರುತಿನವರೇ ಆಗಬೇಕೆಂದಿಲ್ಲ, ನಾಲ್ಕು ಬೆರಳು ಎತ್ತಿದರೂ ಸಾಕು. ಎತ್ತದೆ ಹೋದರೆ ಸಂಜೆಯೊಳಗೆ ಅದು ಸುದ್ದಿಯಾಗುತ್ತದೆ. ಹಿರಿಯರಿಗೆ ಎತ್ತದೆ ಹೋದರಂತೂ ಮುಂದಿನ ಮೂರು ಮದುವೆಮನೆಗಳವರೆಗೆ ಅದೇ ಮಾತು.

ನಾನು ಎತ್ತದೆ ಹೋದದ್ದು ನನ್ನ ಮಾವನಿಗೇ. ಹೆಂಡತಿ ಸೌಮ್ಯಳ ತಂದೆ, ಮಲ್ಲಂದೂರಿನ ಬೆಳೆಗಾರರು, ರೇಣುಕಪ್ಪನವರು. ಅದೂ ಒಂದೇ ವಾರದಲ್ಲಿ ಎರಡು ಸಲ.

"ಅಪ್ಪಾಜಿ ಗೇಟಲ್ಲಿ ನಿಂತು ಕೈ ಎತ್ತಿದ್ರಂತೆ. ನೀವು ಮೂತಿ ತಿರುಗಿಸ್ಕೊಂಡು ಹೋದ್ರಂತೆ," ಎಂದಳು ಸೌಮ್ಯ.

"ನಾನ್ಯಾಕೆ ಮೂತಿ ತಿರುಗಿಸ್ಲಿ? ನೋಡ್ಲೇ ಇಲ್ಲ."

"ಗೇಟಿನ ಕಂಬದಷ್ಟು ಎತ್ತರದ ಮನುಷ್ಯ ಕಾಣಲ್ವಾ ನಿಮಗೆ?"

ರೇಣುಕಪ್ಪನವರು ಕೂಗಾಡುವ ಜನವಲ್ಲ. ಸಿಟ್ಟು ಬಂದರೆ ಅವರ ಬಾಯಲ್ಲಿ ಮರ್ಯಾದೆ ಹೆಚ್ಚಾಗುತ್ತದೆ. ನನ್ನನ್ನು 'ಅಳಿಯದೇವರು' ಎಂದು ಕರೆಯಲು ಶುರುಮಾಡಿದ್ದರು. "ಅಳಿಯದೇವರ ಫೋಟೋ ಪೇಪರಲ್ಲಿ ಬರ್ತದಲ್ಲ, ಕಣ್ಣು ನೆತ್ತಿಗೆ ಹೋಗಿದೆ. ನಮ್ಮಂಥವ್ರು ಎಲ್ಲಿ ಕಾಣ್ತೀವಿ," ಎಂದು ಫೋನಿನಲ್ಲಿ ಮಗಳ ಹತ್ತಿರ ಹೇಳಿದ್ದರಂತೆ.

ಅವರ ಆ ಸಿಟ್ಟು ನನ್ನನ್ನು ಉಳಿಸಿತು. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು, ಒಳಗಿನಿಂದ ಯಾವ ಹೆಸರು ಕರೆಯುತ್ತಾರೋ ಎಂದು ಬಾಯಿ ಒಣಗಿಸಿಕೊಂಡು ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ನನ್ನ ಮೊದಲ ಬುದ್ಧಿಮಾತು ಇದು: ಮನೆಯವರು ನಿಮ್ಮ ಮೇಲೆ ಹೊರಿಸುವ ಆರೋಪವನ್ನು ಒಂದು ಸಲ ಪೂರ್ತಿ ಕೇಳಿ. ಅದರಲ್ಲಿ ಅರ್ಧ ಸುಳ್ಳಿರಬಹುದು, ಉಳಿದರ್ಧದಲ್ಲಿ ರೋಗದ ಗುರುತು ಇರಬಹುದು.

ನಾನು ಫುಟ್ಬಾಲ್ ಆಡಿ ಬದುಕುವವನು. ಆಲ್ದೂರಿನಲ್ಲಿ ಅಪ್ಪ ಕಾಫಿ ಕೊಳ್ಳುವ ಸಣ್ಣ ಅಂಗಡಿ ಇಟ್ಟಿದ್ದರು. ಬೆಳೆಗಾರರು ತಂದ ಮೂಟೆಗೆ ಕೈ ಹಾಕಿ, ಒಂದು ಹಿಡಿ ಬೀಜ ತೆಗೆದು, ಮೂಸಿ, ಹಲ್ಲಿನಲ್ಲಿ ಕಚ್ಚಿ, ತೇವ ನೋಡಿ ಬೆಲೆ ಹೇಳುತ್ತಿದ್ದರು. ಆ ಜಗಲಿಯ ಮೇಲೆ ಕೂತು ನಾನು ಕಲಿತದ್ದು ಒಂದೇ. ಎದುರಿನವನು ಬಾಯಿ ತೆರೆಯುವ ಮೊದಲೇ ನಿನ್ನ ಲೆಕ್ಕ ಮುಗಿದಿರಬೇಕು. ಮೈದಾನದಲ್ಲೂ ಅದನ್ನೇ ಮಾಡಿದೆ. ನನ್ನ ಜಾಗ ಅಟ್ಯಾಕಿಂಗ್ ಮಿಡ್‌ಫೀಲ್ಡರನದು. ಫುಟ್ಬಾಲ್ ನೋಡದವರಿಗೆ ಹೇಳುವುದಾದರೆ, ಗೋಲು ಹೊಡೆಯುವವರ ಬೆನ್ನ ಹಿಂದೆ, ಎದುರಾಳಿಗಳ ನಟ್ಟನಡುವೆ ನಿಂತು, ಚೆಂಡು ಯಾರಿಗೆ ಹೋದರೆ ಗೋಲಾಗುತ್ತದೆ ಎಂದು ತೀರ್ಮಾನಿಸುವವನು. ಚೆಂಡು ಕಾಲಿಗೆ ಬಂದ ಮೇಲೆ ಯೋಚಿಸಲು ಕೂತರೆ ಕೆಟ್ಟಂತೆಯೇ. ಎಡಗಡೆ ನಮ್ಮವನು ಯಾರು ಓಡುತ್ತಿದ್ದಾನೆ, ಬಲಗಡೆಯಿಂದ ಯಾರು ಕಾಲು ಹಾಕಲು ಬರುತ್ತಿದ್ದಾನೆ ಎಂಬುದು ಅದಕ್ಕೆ ಮೊದಲೇ ಕಣ್ಣಿನ ತುದಿಯಲ್ಲಿ ಗೊತ್ತಿರಬೇಕು.

ನನಗೆ ವೇಗವಿರಲಿಲ್ಲ. ಎತ್ತರವಂತೂ ಇಲ್ಲವೇ ಇಲ್ಲ. ತಲೆಯಿಂದ ಹೊಡೆದ ಗೋಲು ಇಡೀ ವೃತ್ತಿಯಲ್ಲಿ ಒಂದೇ, ಅದೂ ಚೆಂಡೇ ಬಂದು ತಲೆಗೆ ಬಡಿದದ್ದು. ನನ್ನ ಬಂಡವಾಳ ಕಣ್ಣಿನ ತುದಿ ಮಾತ್ರ. ಅದನ್ನು ಹಿಡಿದುಕೊಂಡೇ ಬೆಂಗಳೂರು, ಗೋವಾ, ಕೋಲ್ಕತ್ತ, ಕೇರಳ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದೆ. ಏಜೆಂಟನನ್ನು ಇಟ್ಟುಕೊಳ್ಳಲಿಲ್ಲ. ಕರಾರಿನ ಮಾತುಕತೆಗೆ ನಾನೇ ಕೂರುತ್ತಿದ್ದೆ. ಆಲ್ದೂರಿನ ಅಂಗಡಿಯಲ್ಲಿ ಬೆಳೆದವನಿಗೆ ಮಧ್ಯವರ್ತಿ ಯಾಕೆ?

ಕೇರಳದ ಕ್ಲಬ್ಬಿನಲ್ಲಿ ಆಡಿದ ಕೊನೆಯ ಋತುವಿನಲ್ಲಿ ಏನೋ ಹದ ತಪ್ಪಿತ್ತು. ಎಡಗಡೆ ಓಡುವವನಿಗೆ ನೀನು ಚೆಂಡು ಕೊಡುವುದನ್ನೇ ಬಿಟ್ಟಿದ್ದೀಯ ಎಂದು ಕೋಚ್ ಗೊಣಗಿದರು. ಪಕ್ಕದಿಂದ ಬಂದವರು ನನ್ನ ಕಾಲಿನಿಂದ ಚೆಂಡನ್ನು ಮಕ್ಕಳ ಕೈಯಿಂದ ಮಿಠಾಯಿ ಕಿತ್ತಂತೆ ಕಿತ್ತುಕೊಂಡು ಹೋಗುತ್ತಿದ್ದರು. ಹಣೆಯ ಹಿಂದೆ ಸಣ್ಣ ನೋವು, ಬೆಳಗಾದರೆ ಏಳಲಾರದ ಸುಸ್ತು. ವಯಸ್ಸಾಯಿತು ಎಂದುಕೊಂಡೆ. ಕರಾರು ಮುಗಿಯುತ್ತಿದ್ದ ಕಾಲ, ಯಾರಿಗೂ ಹೇಳಲಿಲ್ಲ. ರಜೆಗೆ ಊರಿಗೆ ಬಂದೆ.

ಮಾವನ ಸಿಟ್ಟು ಇಳಿಸಲು ಸೌಮ್ಯ ನನ್ನನ್ನು ಮಲ್ಲಂದೂರಿಗೆ ಎಳೆದುಕೊಂಡು ಹೋದಳು. ಅತ್ತೆ ಹೋಳಿಗೆ ಮಾಡಿದ್ದರು. ಮಾವ ಎದುರು ಸಾಲಿನಲ್ಲಿ ಕೂತು, ನನ್ನ ಕಡೆ ನೋಡದೆ ಊಟ ಮಾಡುತ್ತಿದ್ದರು. ಅತ್ತೆ ತುಪ್ಪದ ಗಿಂಡಿ ಹಿಡಿದು ನನ್ನ ಎಡಗಡೆ ಬಂದು ನಿಂತಿದ್ದರಂತೆ. ಅಳಿಯ 'ಹೂಂ' ಎನ್ನಲಿ ಎಂದು ಕಾಯುತ್ತಿದ್ದರಂತೆ. ಅದೊಂದೂ ನನಗೆ ಗೊತ್ತಿಲ್ಲ. "ಬಿಡ್ಲಾ?" ಎಂದು ಕಿವಿಯ ಪಕ್ಕದಲ್ಲಿ ದನಿ ಕೇಳಿದ್ದೇ ಬೆಚ್ಚಿಬಿದ್ದು ಮೊಣಕೈ ಎತ್ತಿದೆ. ಗಿಂಡಿ ಹಾರಿ ಗೋಡೆಗೆ ಬಡಿಯಿತು. ತುಪ್ಪ ಅತ್ತೆಯ ಸೀರೆಯ ಮೇಲೆಲ್ಲ ಚೆಲ್ಲಿತು.

ಮಾವ ಕೈಯಲ್ಲಿದ್ದ ತುತ್ತು ಎಲೆಗೆ ಬಿಟ್ಟರು. ಎದ್ದು ಬಂದು ನನ್ನ ಎಡಗಡೆ ಕೂತರು.

"ಅಳಿಯಂದ್ರೇ, ಎದುರಿಗಿರೋ ಕ್ಯಾಲೆಂಡರ್ ನೋಡ್ತಾ ಇರಿ. ತಲೆ ಅಲ್ಲಾಡಿಸ್ಬೇಡಿ."

"ನೋಡ್ತಿದೀನಿ."

"ಈಗ ನಾನೇನು ಮಾಡ್ತಿದೀನಿ?"

"ಏನಿಲ್ಲ. ಸುಮ್ನೆ ಕೂತಿದೀರಿ."

ಆಮೇಲೆ ಸೌಮ್ಯ, "ಅಪ್ಪಾಜಿ ಕೈ ಬೀಸ್ತಿದಾರೆ ಕಣ್ರೀ, ನಿಮ್ಮ ಕಣ್ಣಿನ ಪಕ್ಕದಲ್ಲೇ," ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮಾವ ಬಲಗಡೆಗೆ ಬಂದರು. ಅಲ್ಲೂ ಅದೇ ಕಥೆ.

"ಏಳಿ, ಚಿಕ್ಕಮಗಳೂರಿಗೆ ಹೋಗೋಣ."

"ನಾಳೆ ಹೋದ್ರಾಯ್ತು ಮಾವ, ಊಟ..."

"ಎಲೆ ಮಡಚಿ ಅಂದೆ. ರಸ್ತೆ ಬದೀಲಿ ಮಾವ ಕಾಣ್ದೇ ಇರೋರನ್ನ ಬೇಕಾದಷ್ಟು ನೋಡಿದೀನಿ. ಎಲೆ ಪಕ್ಕ ತುಪ್ಪ ಕಾಣ್ದೇ ಇರೋರನ್ನ ನೋಡಿಲ್ಲ."

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರರ ಬಳಿ ಒಂದು ಯಂತ್ರವಿತ್ತು. ದೊಡ್ಡ ಬಿಳಿ ಬಟ್ಟಲಿನಂಥದು. ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಬದಿಯಲ್ಲಿ ಎಲ್ಲಾದರೂ ಚುಕ್ಕಿ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನನಗೆ ಚುಕ್ಕಿಗಳು ಕಾಣಲಿಲ್ಲ. ಆದರೆ ಯಂತ್ರ ಪ್ರತಿ ಸಲವೂ ಸಣ್ಣಗೆ 'ಟಿಕ್' ಎನ್ನುತ್ತಿತ್ತು. ನನ್ನ ತಲೆ ಓಡಿತು. ಈ ಕಾಗದ ನಾಳೆ ಯಾವುದಾದರೂ ಕ್ಲಬ್ಬಿನವರ ಕೈಗೆ ಸಿಕ್ಕರೆ? ಟಿಕ್ ಎಂದಾಗಲೆಲ್ಲ ಒತ್ತತೊಡಗಿದೆ. ಒಳ್ಳೆಯ ತಾಳವೂ ಸಿಕ್ಕಿತು.

ಪರೀಕ್ಷೆ ಮುಗಿದ ಮೇಲೆ ಅಲ್ಲಿದ್ದ ಹುಡುಗಿ ಪರದೆ ನೋಡಿ, "ಸರ್, ದೀಪ ಹಾಕ್ದೇ ಇದ್ದಾಗ್ಲೂ ಒತ್ತಿದೀರಲ್ಲ," ಎಂದಳು.

"ಸದ್ದು ಬಂತಲ್ಲ."

"ಮಧ್ಯೆ ಮಧ್ಯೆ ಸುಮ್ನೆ ಸದ್ದು ಮಾಡುತ್ತೆ ಸರ್, ದೀಪ ಹಾಕಲ್ಲ. ನಿಮ್ಮಂಥವ್ರಿಗೇ ಅಂತ."

ಬದುಕಿಡೀ ಚೌಕಾಸಿ ಮಾಡಿದ ನಾನು ಒಂದು ಬಟ್ಟಲಿನೆದುರು ಸಿಕ್ಕಿಬಿದ್ದೆ. ಎರಡನೆಯ ಸಲ ಕಂಡದ್ದಕ್ಕಷ್ಟೇ ಒತ್ತಿದೆ. ಗುಂಡಿ ಹೆಚ್ಚು ಹೊತ್ತು ಸುಮ್ಮನೆಯೇ ಇತ್ತು. ಟಿಕ್, ಟಿಕ್ ಎಂದು ಸದ್ದು ಬರುತ್ತಲೇ ಇತ್ತು, ಎದುರಿಗೆ ಏನೂ ಇರಲಿಲ್ಲ. ಆಮೇಲೆ ಬಂದ ಹಾಳೆಯಲ್ಲಿ ಎರಡು ಕಣ್ಣುಗಳಿಗೆ ಎರಡು ವೃತ್ತ. ಎಡಗಣ್ಣಿನದರಲ್ಲಿ ಎಡ ಅರ್ಧ ಮಸಿ, ಬಲಗಣ್ಣಿನದರಲ್ಲಿ ಬಲ ಅರ್ಧ ಮಸಿ. ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟುತ್ತಾರಲ್ಲ, ನನಗೆ ಯಾರೋ ಒಳಗಿನಿಂದ ಕಟ್ಟಿದ್ದರು.

ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದರು. "ನಿಮ್ಮ ಕಣ್ಣು ಚೆನ್ನಾಗಿದೆ," ಎಂದರು. ಸೌಮ್ಯ ಉಸಿರು ಬಿಟ್ಟಳು. ಅವರು ಮಾತು ಮುಗಿಸಿರಲಿಲ್ಲ. "ಕಣ್ಣಿನ ಹಿಂದೆ ಏನೋ ಇದೆ. ಎಂ.ಆರ್.ಐ. ಮಾಡಿಸಿ. ತಡ ಮಾಡ್ಬೇಡಿ. ಗಾಡಿ ಓಡಿಸ್ಬೇಡಿ."

ಮಂಗಳೂರಿಗೆ ಮಾವನೇ ಜೀಪು ಓಡಿಸಿದರು. ಆಲ್ದೂರಿನಿಂದ ಅಮ್ಮನೂ ಹೊರಟರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಒಂದು ಬಸ್ಸೋ ಲಾರಿಯೋ ಮೈಮೇಲೆ ಬಂದಂತೆ ಪಕ್ಕದಿಂದ ಹಾರಿ ಎದುರಿಗೆ ಬೀಳುತ್ತಿತ್ತು. ಇದೇ ಘಾಟಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ನಾನೇ ಎಷ್ಟು ಸಲ ಓಡಿಸಿದ್ದೆ. ಆಗ ಯಾವ ಬಸ್ಸುಗಳು ನನ್ನನ್ನು ತಪ್ಪಿಸಿಕೊಂಡು ಹೋದವೋ, ಯಾವ ಡ್ರೈವರು ಎಷ್ಟು ಬೈದನೋ. ಆಗದೇ ಹೋದ ಅಪಘಾತಗಳನ್ನು ನೆನೆದು ಬೆವರಿದೆ.

ನಮ್ಮದು ಲಿಂಗ ಕಟ್ಟುವ ಮನೆತನ. ಮೈದಾನದಲ್ಲಿ ಕೊರಳಲ್ಲಿ ಏನೂ ಇರಬಾರದು ಎಂಬ ನಿಯಮದ ನೆಪದಿಂದ ನನ್ನ ಲಿಂಗ ವರ್ಷಗಟ್ಟಲೆ ದೇವರ ಕೋಣೆಯಲ್ಲೇ ಇತ್ತು. ಅಂದು ಹೊರಡುವಾಗ ಅಮ್ಮ ಅದನ್ನು ಬೆಳ್ಳಿಯ ಕರಡಿಗೆಯ ಸಮೇತ ನನ್ನ ಕೊರಳಿಗೆ ಕಟ್ಟಿದ್ದರು. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಅದಕ್ಕೇ ತಕರಾರು.

"ಅದು ತೆಗೀಬೇಕು ಅಮ್ಮ," ಎಂದ ಅಲ್ಲಿನ ಟೆಕ್ನಿಶಿಯನ್.

"ಕಟ್ಟಿದ ಲಿಂಗ ಮೈಯಿಂದ ಬಿಡಿಸ್ಬಾರ್ದಪ್ಪ. ಅದರಲ್ಲೂ ಇಂಥಾ ಹೊತ್ತಲ್ಲಿ."

"ಒಳಗೆ ದೊಡ್ಡ ಅಯಸ್ಕಾಂತ ಉಂಟಮ್ಮ. ಬೆಳ್ಳಿಯೋ ಕಬ್ಬಿಣವೋ ನಾನು ನೋಡ್ಲಿಕ್ಕೆ ಹೋಗುದಿಲ್ಲ. ಯಾರದ್ದಾದ್ರೂ ತೆಗೀಲೇಬೇಕು."

ಅಮ್ಮ ನನ್ನ ಮುಖ ನೋಡಿದರು. ಆಮೇಲೆ ಕೈಕಾಲು ತೊಳೆದುಕೊಂಡು ಬಂದು, ಕರಡಿಗೆಯಿಂದ ಲಿಂಗ ತೆಗೆದು ತಮ್ಮ ಎಡ ಅಂಗೈಯಲ್ಲಿ ಇಟ್ಟುಕೊಂಡರು. ನಾನು ಹೊರಗೆ ಬರುವವರೆಗೂ ಹಾಗೇ ನಿಂತಿದ್ದರಂತೆ. ಯಾರು ಹೇಳಿದರೂ ಕೂರಲಿಲ್ಲವಂತೆ. ಒಳಗೆ ನಾನು ಕೊಳವೆಯಲ್ಲಿ ಮಲಗಿ, ಗಡಗಡ ಸದ್ದಿನ ನಡುವೆ, ಕಣ್ಣು ಬಿಡಲು ಹೆದರಿ, ನೆನಪಿದ್ದ ಎಲ್ಲ ಪಂದ್ಯಗಳನ್ನೂ ಒಂದೊಂದಾಗಿ ಆಡಿದೆ. ಯಾವುದೂ ಗೋಲಿನವರೆಗೆ ಹೋಗಲಿಲ್ಲ.

ಗಡ್ಡೆ ಇತ್ತು. ಮೂಗಿನ ಬುಡದ ಹಿಂದೆ, ತಲೆಯ ನಡುವೆ, ಎರಡು ಕಣ್ಣಿನ ನರಗಳು ಕೂಡುವ ಜಾಗವನ್ನು ಕೆಳಗಿನಿಂದ ಒತ್ತುತ್ತಿತ್ತು. "ಕ್ಯಾನ್ಸರ್ ಅಲ್ಲ, ಬಹುಮಟ್ಟಿಗೆ," ಎಂದರು ಸರ್ಜನ್. ನಡುವಯಸ್ಸಿನ ಹೆಂಗಸು, ಮಾತು ಅಳೆದು ಆಡುವವರು. ಆ 'ಬಹುಮಟ್ಟಿಗೆ' ಎಂಬ ಪದವನ್ನು ನಾನು ಜೀಪಿನಲ್ಲಿ, ಹಾಸಿಗೆಯಲ್ಲಿ, ಸ್ನಾನದ ಮನೆಯಲ್ಲಿ ಜಗಿದೆ. ಕಹಿ ಬಿಡಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ, ಇನ್ನಷ್ಟು ಕಹಿಯಾಯಿತು. ನೀವು ಹುಡುಕಬೇಡಿ. ಹುಡುಕಲೇಬೇಕಿದ್ದರೆ ಗಟ್ಟಿ ಮನಸ್ಸಿನ ಒಬ್ಬರ ಕೈಗೆ ಫೋನು ಕೊಟ್ಟು, ಒಳ್ಳೆಯದಿದ್ದರೆ ಮಾತ್ರ ಓದಿ ಹೇಳು ಎನ್ನಿ.

ಒಂದು ರಕ್ತಪರೀಕ್ಷೆ ಬಾಕಿಯಿತ್ತು. ಈ ಗಡ್ಡೆಗಳಲ್ಲಿ ಒಂದು ಜಾತಿ ಮಾತ್ರೆಗೇ ಕರಗುತ್ತದಂತೆ. ಉಳಿದವನ್ನು ಕೊಯ್ದೇ ತೆಗೆಯಬೇಕು. ಯಾವ ಜಾತಿ ಎಂದು ರಕ್ತ ಹೇಳುತ್ತದೆ. ಆ ಫಲಿತಾಂಶಕ್ಕಾಗಿ ಕಾಯುವ ಕೋಣೆಯಲ್ಲಿ ಕೂತದ್ದು ನನ್ನ ಬದುಕಿನ ಅತಿ ಉದ್ದದ ಮಧ್ಯಾಹ್ನ. ಎದುರಿನ ಬಾಗಿಲು ತೆರೆದಾಗಲೆಲ್ಲ ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಇನ್ನೊಂದು ಸಲಹೆ: ಬಾಗಿಲ ಎದುರಿನ ಕುರ್ಚಿಯಲ್ಲಿ ಕೂರಬೇಡಿ. ಬೆನ್ನು ಹಾಕಿ ಕೂತರೆ ಅರ್ಧ ಭಯ ಕಡಿಮೆ.

ಪಕ್ಕದಲ್ಲಿ ಕಳಸದ ಕಡೆಯ ಒಬ್ಬ ಹೆಂಗಸು ಕೂತಿದ್ದರು. ಗಂಡನ ವರ್ಷದ ತಪಾಸಣೆಗೆ ಬಂದವರು. ಸೌಮ್ಯ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅವರೇ ಮಾತಿಗೆ ಬಂದರು.

"ಮೂಗಲ್ಲಿ ತೆಗೆಯೋ ಆಪರೇಶನ್ನಾ?"

"ಮಾತ್ರೇಲಿ ಹೋಗ್ಬಹುದು ಅಂತ ಕಾಯ್ತಿದೀವಿ."

"ಹೋದ್ರೆ ಒಳ್ಳೇದೇ. ಹೋಗ್ಲಿಲ್ಲ ಅಂದ್ರೂ ಹೆದರ್ಬೇಡ ಮಾರಾಯ್ತಿ. ನಮ್ಮವ್ರಿಗೂ ಮೂಗಲ್ಲೇ ತೆಗೆದಿದ್ದು. ಆಗ ಕಣ್ಣೆದುರಿನ ಲೋಟ ಸಿಕ್ತಿರ್ಲಿಲ್ಲ. ಈಗ ಏಣಿ ಹತ್ತಿ ಮೆಣಸು ಕೊಯ್ತಾರೆ. ಬೇಡ ಅಂದ್ರೂ ಕೇಳಲ್ಲ, ನಂಗೀಗ ಅದೇ ಹೆದ್ರಿಕೆ."

ಗಂಡ ಪಕ್ಕದಲ್ಲೇ ಕೂತು ತೂಕಡಿಸುತ್ತಿದ್ದರು. ನಾನು ಅವರ ಕಾಲುಗಳನ್ನೇ ನೋಡಿದೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಹತ್ತುವ ಕಾಲುಗಳು. ಸರ್ಜನ್ ಹೇಳಿದ ಹತ್ತು ಮಾತಿಗಿಂತ ಆ ಬಿರುಕು ಬಿಟ್ಟ ಹಿಮ್ಮಡಿಗಳು ನನಗೆ ಹೆಚ್ಚು ಧೈರ್ಯ ಕೊಟ್ಟವು.

ಮಾತ್ರೆಯ ಜಾತಿಯಲ್ಲ ಎಂದು ರಕ್ತ ಹೇಳಿತು.

ಆಪರೇಶನ್ನಿಗೆ ಮೊದಲು ಸರ್ಜನ್ ನಮ್ಮನ್ನೆಲ್ಲ ಕೂರಿಸಿಕೊಂಡು ವಿವರಿಸಿದರು. ಮೂಗಿನೊಳಗಿನಿಂದ ದಾರಿ ಮಾಡಿ ಗಡ್ಡೆ ತೆಗೆಯುವುದು, ಆಮೇಲೆ ಆ ತೂತಿಗೆ ಒಳಗಿನಿಂದ ತೇಪೆ ಹಾಕುವುದು. "ತೇಪೆಗೆ ತೊಡೆಯಿಂದ ಸ್ವಲ್ಪ ಪದರ ತೆಗೀತೇವೆ," ಎಂದರು.

ನನ್ನೊಳಗಿನ ಅಂಗಡಿಯವನು ಎದ್ದು ಕೂತ. "ತೊಡೆ ಬೇಡ ಮೇಡಂ. ಅದು ನನ್ನ ಅನ್ನ. ಹೊಟ್ಟೆಯಿಂದ ತಗೊಳ್ಳಿ."

"ಹೊಟ್ಟೆಯ ಕೊಬ್ಬೂ ಆಗ್ತದೆ. ಆದ್ರೆ ನಿಮ್ಮ ಹೊಟ್ಟೆಯಲ್ಲಿ ಎಂತ ಉಂಟು ತೆಗೀಲಿಕ್ಕೆ?"

"ನಂದು ತಗೊಳ್ಳಿ ಡಾಕ್ಟ್ರೇ, ಬೇಕಾದಷ್ಟಿದೆ," ಎಂದರು ಮಾವ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಎಲ್ಲರೂ ನಕ್ಕರು. ಸರ್ಜನ್ ಕೂಡ ನಕ್ಕು, ಹೊಟ್ಟೆಯಿಂದಲೇ ಹುಡುಕಿ ತೆಗೆಯಲು ಒಪ್ಪಿದರು. ನಗು ಮುಗಿದ ಮೇಲೂ ಮಾವ ಹೊಟ್ಟೆಯ ಮೇಲಿನ ಕೈ ತೆಗೆಯದಿದ್ದದ್ದು ನನಗೆ ಕಂಡಿತು. ಎದುರಿಗಿದ್ದದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತಲ್ಲ.

ಒಂದು ಚೌಕಾಸಿ ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಂದಕ್ಕೆ ಕೈ ಹಾಕಿದೆ. "ಬದಿಯ ನೋಟ ವಾಪಸ್ ಬರುತ್ತಾ ಮೇಡಂ?"

"ನರ ಎಷ್ಟು ಸಮಯದಿಂದ ಒತ್ತಿಹೋಗಿದೆ ಅಂತ ನಮಗೆ ಗೊತ್ತಿಲ್ಲ. ಪೂರ್ತಿ ಬರಬಹುದು. ಸ್ವಲ್ಪ ಬರಬಹುದು. ಬಾರದೆಯೂ ಇರಬಹುದು. ಇದ್ದದ್ದು ಕಡಿಮೆ ಆಗುವ ಅಪಾಯವೂ ಉಂಟು."

"ಯಾವುದಾದ್ರೂ ಒಂದು ಹೇಳಿ."

"ಇದು ಸಂತೆ ಅಲ್ಲ," ಎಂದರು, ಬೇಸರವಿಲ್ಲದೆ.

ನಾನು ಸಹಿ ಹಾಕಿದೆ. ಕರಾರುಗಳಿಗೆ ಎಷ್ಟೋ ಸಲ ಸಹಿ ಹಾಕಿದ್ದೆ, ಎಲ್ಲದರಲ್ಲೂ ಏನು ಸಿಗುತ್ತದೆ ಎಂದು ಮೊದಲೇ ಓದಿದ್ದೆ. ಇದೊಂದರಲ್ಲಿ ಏನೇನು ಹೋಗಬಹುದು ಎಂದು ಮಾತ್ರ ಬರೆದಿತ್ತು.

ಆಪರೇಶನ್ ದಿನವೂ ಲಿಂಗದ ತಕರಾರು ಬಂತು. ಅಮ್ಮ ಈ ಸಲ ತಾವೇ ಕೈ ಚಾಚಿ ನಿಂತರು. ಆದರೆ ನರ್ಸ್, ಕೊರಳಲ್ಲಿ ಸಣ್ಣ ಶಿಲುಬೆಯಿದ್ದ ಹುಡುಗಿ, ಒಂದು ಹೊಸ ಕೈಗವಸಿನೊಳಗೆ ಲಿಂಗವನ್ನಿಟ್ಟು, ಗಂಟು ಹಾಕಿ, ನನ್ನ ತೋಳಿಗೆ ಟೇಪು ಸುತ್ತಿದಳು. "ಇಲ್ಲಿ ಅಯಸ್ಕಾಂತ ಇಲ್ಲ ಅಮ್ಮ. ಡಾಕ್ಟ್ರನ್ನ ಕೇಳಿದ್ದೇನೆ. ಇರ್ಲಿ," ಎಂದಳು. ಅಮ್ಮ ಆಗ ಅತ್ತರು. ಅದುವರೆಗೆ ಅತ್ತಿರಲಿಲ್ಲ.

ಎಚ್ಚರವಾದಾಗ ಮೂಗಿನ ತುಂಬ ಹತ್ತಿ, ಬಾಯಲ್ಲಿ ಉಸಿರು, ಗಂಟಲು ಸುಣ್ಣ. ಕಣ್ಣು ತೆರೆಯಲು ಆಗುತ್ತಿತ್ತು. ನಾನೇ ತೆರೆಯಲಿಲ್ಲ. ಮುಚ್ಚಿರುವಷ್ಟು ಹೊತ್ತು ಎಲ್ಲವೂ ಸಾಧ್ಯವಿತ್ತು. ನೋಟ ಪೂರ್ತಿ ಬಂದಿರಬಹುದು ಎಂಬುದೂ ನಿಜ, ಇಡೀ ಲೋಕವೇ ಆರಿಹೋಗಿರಬಹುದು ಎಂಬುದೂ ನಿಜ. ಯಾರೋ ಹೆಸರು ಹಿಡಿದು ಕರೆದರು. ಎಚ್ಚರವಾಗದವನಂತೆ ನಟಿಸಿದೆ. ಕೊನೆಗೆ ಸೌಮ್ಯ ಕೈ ಹಿಡಿದು, "ಕಳ್ಳ ನಿದ್ದೆ ನಂಗೆ ಗೊತ್ತಾಗಲ್ವಾ? ಬಿಡ್ರೀ ಕಣ್ಣು," ಎಂದಳು.

ಬಿಟ್ಟೆ. ಮೇಲೆ ಟ್ಯೂಬ್‌ಲೈಟು. ಅದನ್ನೇ ನೋಡುತ್ತಾ, ತಲೆ ಅಲ್ಲಾಡಿಸದೆ ಕಾದೆ. ಬಲಗಡೆ, ದೂರದ ಅಂಚಿನಲ್ಲಿ, ಹಳದಿ ಬಣ್ಣ ಅಲುಗಿತು. ಅವಳ ಸೀರೆಯ ಸೆರಗು.

"ಹಳದಿ," ಎಂದೆ.

"ಏನು?"

"ಹಳದಿ ಸೀರೆ."

ಅವಳು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಳು. ಎಡಗಡೆ ಮಾವ ಕೆಮ್ಮಿದ್ದು ಕೇಳಿಸಿತು. ಮಾವ ಕಾಣಲಿಲ್ಲ. ಅದನ್ನು ಆಗ ಹೇಳಲಿಲ್ಲ. ಆ ಸಂತೋಷಕ್ಕೆ ಒಂದು ರಾತ್ರಿಯಾದರೂ ಆಯಸ್ಸಿರಲಿ ಎನ್ನಿಸಿತು.

ಮನೆಗೆ ಬಂದ ಮೇಲಿನ ಭಯ ಬೇರೆ ಥರದ್ದು. ಬಗ್ಗಬಾರದು, ಭಾರ ಎತ್ತಬಾರದು, ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಬಿಡಬೇಕು. ತೇಪೆ ಬಿಟ್ಟುಕೊಂಡರೆ ಮೆದುಳಿನ ನೀರು ಮೂಗಿನಿಂದ ಸೋರುತ್ತದೆ, ತಿಳಿನೀರು ತೊಟ್ಟಿಕ್ಕಿದರೆ ತಕ್ಷಣ ಬನ್ನಿ ಎಂದಿದ್ದರು. ಅಮ್ಮ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದರು. ಅದು ಸಾಲದೆಂದು ಅಕ್ಕಪಕ್ಕದ ಮನೆಗಳಿಗೂ ಹೋಗಿ, "ಮೆಣಸಿನಕಾಯಿ ಹುರಿಯೋ ದಿನ ಒಂದು ಮಾತು ಹೇಳಿ, ಕಿಟಕಿ ಹಾಕ್ಕೋತೀವಿ," ಎಂದು ಕೇಳಿಕೊಂಡು ಬಂದರು. ಆಲ್ದೂರಿನ ನಮ್ಮ ಬೀದಿ ನನಗೋಸ್ಕರ ಎಷ್ಟೋ ದಿನ ಸಪ್ಪೆ ಸಾರು ಉಂಡಿತು. ಒಬ್ಬರೂ ಗೊಣಗಲಿಲ್ಲ.

ಒಂದು ಬೆಳಿಗ್ಗೆ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿತು. ಅಂಗೈ ಮೇಲೆ ಬಿದ್ದ ಆ ಹನಿಯನ್ನು ಹಾಗೇ ಹಿಡಿದುಕೊಂಡು ಸೌಮ್ಯಳನ್ನು ಕೂಗಿದೆ. ಮತ್ತೆ ಜೀಪು, ಮತ್ತೆ ಘಾಟಿ. ಹಿಂದಿನ ಸೀಟಿನಲ್ಲಿ ತಲೆ ಎತ್ತರಕ್ಕಿಟ್ಟು ಮಲಗಿ, ಪ್ರತಿ ಗುಂಡಿಗೂ ಪ್ರಾಣ ಹೋಗಿ ಬಂದು, ಆಸ್ಪತ್ರೆ ಸೇರಿದರೆ, ಮೂಗು ತೊಳೆಯಲು ಕೊಟ್ಟ ಉಪ್ಪುನೀರೇ ಒಳಗೆ ನಿಂತು ಇಳಿದದ್ದು ಎಂದರು. ಸರ್ಜನ್ ಬೈಯಲಿಲ್ಲ. "ಹೀಗೆ ನೂರು ಸಲ ಬಂದ್ರೂ ಬೇಜಾರಿಲ್ಲ. ಬಾರದೆ ಕೂರುವವರದ್ದೇ ನಮಗೆ ಹೆದರಿಕೆ," ಎಂದರು. ಇದನ್ನು ನೆನಪಿಟ್ಟುಕೊಳ್ಳಿ. ಸುಮ್ಮನೆ ಹೆದರಿ ಓಡಿದ್ದಕ್ಕೆ ನಾಚಬೇಕಾಗಿಲ್ಲ.

ಮತ್ತೆ ಆ ಬಿಳಿ ಬಟ್ಟಲಿನೆದುರು ಕೂತೆ. ಈ ಸಲ ಕಂಡದ್ದಕ್ಕಷ್ಟೇ ಒತ್ತಿದೆ. ಬಲಗಣ್ಣಿನ ವೃತ್ತ ಬೆಳ್ಳಗಾಗಿತ್ತು. ಎಡಗಣ್ಣಿನದರಲ್ಲಿ ಎಡ ಅಂಚಿಗೆ ಒಂದು ಕಪ್ಪು ಪಟ್ಟಿ ಉಳಿದಿತ್ತು. ತಿಂಗಳುಗಳು ಹೋದವು, ಮತ್ತೆ ನೋಡಿದರು. ಪಟ್ಟಿ ಹಾಗೇ ಇತ್ತು. "ಇನ್ನು ಇದು ಬರುವ ನಂಬಿಕೆ ಕಡಿಮೆ. ದಿನದ ಬದುಕಿಗೆ ತೊಂದರೆ ಇಲ್ಲ," ಎಂದರು ಸರ್ಜನ್.

ನನ್ನ ದಿನದ ಬದುಕು ಮೈದಾನವಾಗಿತ್ತು. ಕೇರಳದ ಕರಾರು ಮುಗಿದಿತ್ತು. ಎಡಗಡೆಯಿಂದ ಬರುವವನು ಕಾಣದ ಅಟ್ಯಾಕಿಂಗ್ ಮಿಡ್‌ಫೀಲ್ಡರನನ್ನು ಯಾರು ಕೊಳ್ಳುತ್ತಾರೆ? ಮಾವ, "ಮಲ್ಲಂದೂರಿಗೆ ಬನ್ನಿ, ತೋಟ ನೋಡ್ಕೊಳ್ಳಿ, ನಾನೂ ಎಷ್ಟು ದಿನ ಅಂತ ಓಡಾಡ್ಲಿ," ಎಂದರು. ಪ್ರೀತಿಯಿಂದಲೇ ಹೇಳಿದ್ದು.

ಅಡಿಗೆಮನೆಯ ನೆಲದ ಮೇಲೆ ಮೆಣಸಿನ ಕಾಳುಗಳನ್ನು ಇಟ್ಟು ಕೂತೆ. ಹನ್ನೊಂದು ಈ ಕಡೆ, ಹನ್ನೊಂದು ಆ ಕಡೆ. ನನ್ನ ಕಾಳನ್ನು ನಡುವೆ ಇಟ್ಟರೆ ಎಡಗಡೆ ಕತ್ತಲೆಯಲ್ಲಿ ನಾಲ್ಕು ಕಾಳು. ಸ್ವಲ್ಪ ಎಡಕ್ಕೆ ಸರಿಸಿದರೆ ಎರಡು. ಇನ್ನೂ ಸರಿಸಿ, ಮೈದಾನದ ಬದಿಯ ಗೆರೆಗೇ ತಂದು ನಿಲ್ಲಿಸಿದೆ. ಎಡಗಡೆ ಯಾರೂ ಇಲ್ಲ. ಮೈದಾನವೇ ಅಲ್ಲಿ ಮುಗಿಯುತ್ತದೆ. ಆಟವೆಲ್ಲ ನನ್ನ ಬಲಕ್ಕೆ, ಬೆಳಕಿರುವ ಕಡೆಗೆ. ಕಳೆದುಕೊಂಡದ್ದನ್ನು ಬೆಲೆಯಿಲ್ಲದ ಜಾಗಕ್ಕೆ ತಳ್ಳಿ ಕೂರಿಸುವುದು, ಇದಕ್ಕಿಂತ ಒಳ್ಳೆಯ ವ್ಯಾಪಾರ ನಾನು ಮಾಡಿಲ್ಲ.

ಬೆಂಗಳೂರಿನ ಒಂದು ಸಣ್ಣ ಕ್ಲಬ್ಬಿಗೆ ಹೋದೆ. ಆ ಎರಡು ವೃತ್ತಗಳ ಹಾಳೆಯನ್ನು ಮೊದಲೇ ಕೋಚ್ ಮುಂದೆ ಇಟ್ಟೆ. ನಿಮಗೂ ಅದನ್ನೇ ಹೇಳುತ್ತೇನೆ: ನೀವೇ ಮೊದಲು ಹೇಳಿ, ನೀವೇ ದಾರಿಯನ್ನೂ ತೋರಿಸಿ. ಆಪರೇಶನ್ ಆದ ಮೇಲೆ ಹಾರ್ಮೋನಿನ ಕೊರತೆಗೆ ಈಗ ದಿನವೂ ನುಂಗುವ ಮಾತ್ರೆಗೆ, ಉದ್ದೀಪನ ಮದ್ದಿನ ನಿಯಮದಂತೆ, ಆಟಗಾರರು ಮೊದಲೇ ಲಿಖಿತ ಅನುಮತಿ ಪಡೆಯಬೇಕು, ಅದನ್ನೂ ಮಾಡಿಸಿಕೊಂಡಿದ್ದೆ. ಕೋಚ್ ಹಾಳೆಯನ್ನು ತಿರುವಿ ತಿರುವಿ ನೋಡಿ, ಎಡ ಅಂಚಿನಲ್ಲಿ ಆಡಿಸಿ ನೋಡೋಣ ಎಂದರು.

ನನ್ನ ಹಿಂದೆ ಎಡ ರಕ್ಷಣೆಯಲ್ಲಿ ಆಡುವವನು ರಿಯಾಜ್, ಉಳ್ಳಾಲದ ಹುಡುಗ. ಅಭ್ಯಾಸದಲ್ಲಿ ನಾನು ಪದೇ ಪದೇ ಎಡಕ್ಕೆ ತಲೆ ತಿರುಗಿಸುವುದನ್ನು ಅವನು ಗಮನಿಸಿದ್ದ. ಯಾರೂ ಇಲ್ಲದ ಕಡೆಗೇ ತಿರುಗುತ್ತಿದ್ದೆ. ಲೆಕ್ಕ ನನ್ನದೇ ಆಗಿದ್ದರೂ ಭಯ ಲೆಕ್ಕ ಕೇಳುತ್ತಿರಲಿಲ್ಲ. ಗೆರೆಯ ಬದಿಗೆ ನುಸುಳಿ ಓಡಿಬರುವ ಒಬ್ಬ ಎದುರಾಳಿ ಆ ಕಪ್ಪಿನೊಳಗೆ ಯಾವಾಗಲೂ ಇದ್ದಾನೆ ಎನ್ನಿಸುತ್ತಿತ್ತು.

"ಎಂತ ಅಣ್ಣ, ಅಲ್ಲಿ ಯಾರನ್ನು ಹುಡುಕುದು? ಅತ್ತಿಗೆ ಬಂದಿದ್ದಾರಾ?" ಎಂದು ನಕ್ಕ. ನಾನು ನಗದಿದ್ದಾಗ ಅವನೂ ನಿಲ್ಲಿಸಿದ. ಇದ್ದದ್ದನ್ನು ಹೇಳಿದೆ.

"ಅಷ್ಟೇನಾ? ನಿಮ್ಮ ಎಡಗಡೆ ಪೂರ್ತಿ ನನಗೆ ಬಿಡಿ. ಯಾರಾದ್ರೂ ಬಂದ್ರೆ ಕೂಗ್ತೇನೆ. ನಾನು ಕೂಗ್ಲಿಲ್ಲ ಅಂದ್ರೆ ಅಲ್ಲಿ ಯಾರೂ ಇಲ್ಲ. ಆಯ್ತಾ?"

"ಮರೆತರೆ?"

"ನಾನು ಬಾಯಿ ಮುಚ್ಚಿದ್ದನ್ನು ನೀವು ಯಾವತ್ತಾದ್ರೂ ಕಂಡಿದ್ದೀರಾ?"

ಮೊದಲ ಪಂದ್ಯದಲ್ಲಿ ದ್ವಿತೀಯಾರ್ಧಕ್ಕೆ ಇಳಿಸಿದರು. ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಮೊದಲು ಸಿಕ್ಕ ಚೆಂಡುಗಳನ್ನೆಲ್ಲ ಬಿಸಿ ಕೆಂಡದಂತೆ ಹಿಂದಕ್ಕೆ ಕೊಟ್ಟೆ, ಪ್ರತಿ ಸಲವೂ ಎಡಕ್ಕೆ ತಿರುಗಿ ನೋಡಿಯೇ ಕೊಟ್ಟೆ. ಆ ತಿರುಗುವ ಕ್ಷಣದಲ್ಲೇ ಬಲಗಡೆಯ ದಾರಿ ಮುಚ್ಚಿಹೋಗುತ್ತಿತ್ತು. ಮತ್ತೊಂದು ಚೆಂಡು ಬಂತು. ಕಾಲಿನ ಕೆಳಗೆ ನಿಲ್ಲಿಸಿದೆ. ಬಲಗಡೆ, ಕಣ್ಣಿನ ತುದಿಯಲ್ಲಿ, ನಮ್ಮ ಮುಂಚೂಣಿಯವನು ಇಬ್ಬರ ನಡುವಿನಿಂದ ಹೊರಟದ್ದು ಕಂಡಿತು. ಎಡಗಡೆಯ ಕಪ್ಪಿನಲ್ಲಿ ಹೆಜ್ಜೆ ಸದ್ದಾದಂತಾಯಿತು. ಕುತ್ತಿಗೆ ತಾನಾಗಿಯೇ ಆ ಕಡೆ ಹೊರಟಿತು.

ರಿಯಾಜ್ ಕೂಗಿರಲಿಲ್ಲ.

ನಾನು ತಿರುಗಲಿಲ್ಲ. ಚೆಂಡನ್ನು ಬಲಕ್ಕೆ ಬಿಟ್ಟೆ.